ಬಿಚ್ಚುವುದು ಬೇಡ ಎಂದವಳು

“ಈ ಹಿಡಿಕೆಗಳನ್ನೆಲ್ಲ ಬಿಚ್ಚಿಸಬೇಕಾಗ್ತದೆ ಮೇಡಂ. ಇದ್ದರೆ ಕಾರನ್ನು ಯಾರೂ ತೆಗೆದುಕೊಳ್ಳುವುದಿಲ್ಲ,” ಎನ್ನುತ್ತಾ ಉಡುಪಿಯ ಹಳೆ ಕಾರು ಮಳಿಗೆಯ ಮ್ಯಾನೇಜರ್ ನನ್ನ ಕಾರಿನ ಬೆಲೆಯಲ್ಲಿ ಇಪ್ಪತ್ತು ಸಾವಿರ ಇಳಿಸಿದರು.

ಪೋಲಿಯೊದಿಂದ ನನ್ನ ಕಾಲುಗಳಿಗೆ ಬಲವಿಲ್ಲ. ಬ್ರೇಕು, ಆಕ್ಸಿಲರೇಟರು ಎರಡನ್ನೂ ಕೈಯಲ್ಲೇ ಒತ್ತುವಂತೆ ಹಿಡಿಕೆಗಳನ್ನು ಹಾಕಿಸಿಕೊಂಡು, ನಾನು ಹಿರಿಯಡ್ಕದಿಂದ ಕಾರ್ಕಳದ ಶಾಲೆಗೆ ಪಾಠ ಮಾಡಲು ಹೋಗಿಬರುತ್ತಿದ್ದ ಆಟೋಮ್ಯಾಟಿಕ್ ಕಾರು ಅದು. ಅದನ್ನು ಕೊಟ್ಟು, ಗಾಲಿಕುರ್ಚಿ ಹಿಡಿಸುವಷ್ಟು ದೊಡ್ಡದೊಂದನ್ನು ಕೊಳ್ಳಲು ಹೋಗಿದ್ದೆ. ಎಷ್ಟು ಚೌಕಾಸಿ ಮಾಡಿದರೂ ಮ್ಯಾನೇಜರ್ ಜಗ್ಗಲಿಲ್ಲ.

ಆಗ ಬಿಲ್ಲಿಂಗ್ ಕೌಂಟರಿನಲ್ಲಿದ್ದ ಯುವತಿ ಊರುಗೋಲು ಹಿಡಿದು ಎದ್ದು ಬಂದಳು. ಕಾರಿನೊಳಗೆ ಕುಳಿತು ಹಿಡಿಕೆಯನ್ನು ಒತ್ತಿ ನೋಡಿ, “ಇದಕ್ಕೆ ಕಾಲು ಬೇಡವೇ ಬೇಡವಾ ಅಕ್ಕ?” ಎಂದು ಕೇಳಿದಳು. ಬೇಡ ಎಂದೆ.

ಅವಳು ಮ್ಯಾನೇಜರ್ ಕಡೆ ತಿರುಗಿದಳು. “ಬಿಚ್ಚುವುದು ಬೇಡ ಸರ್, ಇದು ನನಗೇ ಇರಲಿ. ಕಾಪುವಿನಿಂದ ದಿನಾ ಎರಡೆರಡು ಬಸ್ಸು ಹತ್ತಿ ಇಳಿದು ಸಾಕಾಗಿದೆ.”

ನನ್ನ ಚೌಕಾಸಿ ಅಲ್ಲಿಗೇ ನಿಂತಿತು. ಇಳಿಸಿದ ಬೆಲೆಗೇ ಕೊಡುತ್ತೇನೆ, ಆದರೆ ಅವಳಿಗೂ ಅದೇ ಬೆಲೆಗೆ ಸಿಗಬೇಕು ಎಂದೆ. ಮ್ಯಾನೇಜರ್, “ಆಯ್ತು, ಇದರಲ್ಲಿ ನಮಗೆ ಲಾಭ ಬೇಡ” ಎಂದರು.

ಇಷ್ಟು ವರ್ಷ ಆ ಹಿಡಿಕೆಗಳನ್ನು ಯಾರಾದರೂ ದಿಟ್ಟಿಸಿದರೆ ನನಗೆ ಮುಜುಗರವಾಗುತ್ತಿತ್ತು. ಈಗ ಪ್ರತಿ ಭಾನುವಾರ ಮಣಿಪಾಲದ ಮೈದಾನವೊಂದರಲ್ಲಿ ಅವಳ ಪಕ್ಕ ಕುಳಿತು ಡ್ರೈವಿಂಗ್ ಕಲಿಸುತ್ತೇನೆ. ಕಳೆದ ವಾರ ನನ್ನನ್ನು ಏನೂ ಕೇಳದೆ, ಅವಳೊಬ್ಬಳೇ ಮೂರು ಸುತ್ತು ಓಡಿಸಿದಳು.