ಗರಜಿಲ್ಲದವನ ಸಾಕ್ಷಿ

ಪ್ರಮಾಣವಚನ ಬೋಧಿಸುವಾಗ ಪೇಶ್ಕಾರರ ಕೆಳತುಟಿ ಎಡಕ್ಕೆ ವಾಲುತ್ತಿತ್ತು. ಕಟಕಟೆಯಲ್ಲಿ ನಿಂತವರು ಸತ್ಯವನ್ನೇ ಹೇಳುತ್ತೇನೆ ಎಂದು ಮುಗಿಸುವವರೆಗೂ ಆ ತುಟಿ ದನಿಯಿಲ್ಲದೆ ಅವರ ಜೊತೆಗೇ ಅಲುಗುತ್ತಿತ್ತು. ಕನ್ನಡಕದ ಒಂದು ಕಾಲು ಮುರಿದು ಎಷ್ಟೋ ವರ್ಷವಾಗಿತ್ತು. ಕಡತ ಕಟ್ಟುವ ಬಿಳಿ ಲಾಡಿಯಿಂದ ಅದನ್ನು ಕಿವಿಗೆ ಬಿಗಿದುಕೊಂಡಿದ್ದರು. ಹುಮನಾಬಾದಿನ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್. ನಮ್ಮ ಕಡೆಯ ಹಳೆಯ ರೂಢಿಯಂತೆ ಎಲ್ಲರ ಬಾಯಲ್ಲೂ ಪೇಶ್ಕಾರ ಸಾಹೇಬರು.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಹೊಸ ವಕೀಲ. ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ಹುಮನಾಬಾದಿಗೆ ಬರುತ್ತಿದ್ದೆ. ಬದುವಿನ ಜಗಳದ ಒಂದು ದಾವೆಯಲ್ಲಿ ಮೂವರು ಸಾಕ್ಷಿಗಳನ್ನು ಹಿಂದಿನ ದಿನವೇ ಕೂಡಿಸಿ ಪಾಠ ಹೇಳಿಕೊಟ್ಟಿದ್ದೆ. ಮೂವರೂ ಅಕ್ಷರ ತಪ್ಪದೆ ಒಪ್ಪಿಸಿದರು. ನ್ಯಾಯಾಧೀಶರು ಒಬ್ಬರನ್ನೂ ನಂಬಲಿಲ್ಲ. ದಾವೆ ಸೋತ ದಿನ ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ಪೇಶ್ಕಾರರು ತಮ್ಮ ಡಬ್ಬಿಯಿಂದ ಅರ್ಧ ರೊಟ್ಟಿ ಮುರಿದು ನನಗೆ ಕೊಟ್ಟರು.

"ಮೂರೂ ಮಂದಿ ಒಂದೇ ಮಾತು ಹೇಳಿದ್ರಲ್ರಿ ವಕೀಲ್ರ. ಖರೆ ನೋಡಿದೋರು ಹಂಗ ಹೇಳಂಗಿಲ್ಲ. ಯೇಸುಸ್ವಾಮಿ ಗೋರಿಗೆ ಹೋದ ಹೆಣ್ಮಕ್ಕಳನ್ನ ನೋಡ್ರಿ. ಬೈಬಲಿನ ಒಂದು ಬರಹದಾಗ ಒಬ್ಬ ದೇವದೂತ ಇದ್ದ ಅಂತ ಅದ, ಇನ್ನೊಂದರಾಗ ಇಬ್ರು. ಹೋದೋರು ಎಷ್ಟು ಮಂದಿ ಅನ್ನೋದೂ ಕೂಡಂಗಿಲ್ಲ. ಗೋರಿ ಖಾಲಿ ಇತ್ತು ಅನ್ನೋದು ಮಾತ್ರ ಎಲ್ಲಾ ಕಡೆ ಒಂದೇ. ಅದಕ್ಕೇ ನಾ ನಂಬ್ತೀನಿ."

ಅವರು ಮೂರು ತಲೆಮಾರಿನಿಂದ ಕ್ರೈಸ್ತರು. ನಾನು ಲಿಂಗ ಕಟ್ಟಿಕೊಂಡ ಮನೆಯವನು. ಸತ್ತವನು ಮೂರನೆಯ ದಿನ ಎದ್ದು ಬಂದ ಎಂಬುದನ್ನು ಒಪ್ಪುವ ಯಾವ ಒತ್ತಾಯವೂ ನನಗಿರಲಿಲ್ಲ. ಅಂದಿನಿಂದ ಸುಮಾರು ಹತ್ತು ವರ್ಷ ಊಟದ ಹೊತ್ತಿನಲ್ಲಿ ಇದೇ ವಾದ ನಡೆಯಿತು. ಬರೆದದ್ದು ಎಷ್ಟೋ ವರ್ಷಗಳ ಮೇಲೆ, ಇಷ್ಟು ತಡವಾದ ದೂರನ್ನು ಯಾವ ಠಾಣೆಯಲ್ಲಿ ತಗೊಳ್ತಾರೆ ಎಂದು ನಾನು ಕೇಳುತ್ತಿದ್ದೆ. ಶಿಷ್ಯರೇ ಶವ ಒಯ್ದಿರಬಾರದೇಕೆ ಎನ್ನುತ್ತಿದ್ದೆ. ಅವರು ಬೆರಳು ನೆಕ್ಕಿ ಡಬ್ಬಿ ಮುಚ್ಚುತ್ತಿದ್ದರು.

"ಸುಳ್ಳು ಕಟ್ಟೋರಾಗಿದ್ರ ಹೆಣ್ಮಕ್ಕಳನ್ನ ಯಾಕ ಮುಂದ ನಿಲ್ಲಸ್ತಿದ್ರು? ಆ ಕಾಲದಾಗ ಅವರ ಮಾತು ಯಾರು ಕೇಳ್ತಿದ್ರು? ಒಬ್ಬ ಗೌಡನ್ನ, ಒಬ್ಬ ಪಟವಾರಿನ್ನ ನಿಲ್ಲಸ್ತಿದ್ರು."

ಎರಡು ಸಾವಿರದ ಇಸವಿ ದಾಟಿದ ಮೇಲಿನ ಒಂದು ಬೇಸಿಗೆಯಲ್ಲಿ ಅವರ ಒಬ್ಬಳೇ ಮಗಳು ಮೆದುಳು ಜ್ವರದಿಂದ ತೀರಿಕೊಂಡಳು. ಟೀಚರ್ ತರಬೇತಿ ಮುಗಿಸುತ್ತಿದ್ದಳು. ನಾಲ್ಕೇ ದಿನದಲ್ಲಿ ಎಲ್ಲ ಮುಗಿಯಿತು. ಮಣ್ಣಿಗೆ ಹೋಗಿದ್ದೆ. ಪಾಸ್ಟರು ಪುನರುತ್ಥಾನದ ಮಾತು ಓದುವಾಗ ಪೇಶ್ಕಾರರನ್ನೇ ನೋಡುತ್ತಿದ್ದೆ. ಅವರ ತುಟಿ ಅಲುಗಲಿಲ್ಲ. ಅವರು ಅಳಲಿಲ್ಲ. ನನಗೂ ಅಳು ಬರಲಿಲ್ಲ.

ವಾರದೊಳಗೆ ಕೆಲಸಕ್ಕೆ ಬಂದರು. ಪ್ರಮಾಣ ಬೋಧಿಸಿದರು, ದಾಖಲೆಗಳಿಗೆ ಮುದ್ರೆ ಒತ್ತಿದರು, ಮುಂದಿನ ತಾರೀಖು ಬರೆದರು. ಯಾವುದೂ ತಪ್ಪಲಿಲ್ಲ. ಊಟದ ಹೊತ್ತಿನಲ್ಲಿ ಡಬ್ಬಿ ತೆರೆದು ಮಾತಿಲ್ಲದೆ ತಿಂದು ಮುಚ್ಚುತ್ತಿದ್ದರು. ಎರಡು ತಿಂಗಳು ಹೀಗೇ ನಡೆಯಿತು.

ಒಂದು ದಿನ ತಡೆಯಲಾರದೆ ನಾನೇ ಶುರು ಮಾಡಿದೆ. ಅವರ ಪಕ್ಷವನ್ನು ನಾನು ಹಿಡಿದೆ. ಹೇಳಿಕೆಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇರುವುದೇ ಖರೆ ಸಾಕ್ಷಿಯ ಗುರುತು ಎಂದೆ. ಅವರು ತಲೆ ಎತ್ತದೆ ಕೇಳಿದರು: "ಬರದದ್ದು ಎಷ್ಟು ವರ್ಷದ ಮ್ಯಾಲ?" ಉತ್ತರ ಕೊಟ್ಟೆ. "ಶವ ಒಯ್ದಿಲ್ಲ ಅಂತ ಹ್ಯಾಂಗ ಹೇಳ್ತೀರಿ?" ಅದಕ್ಕೂ ಕೊಟ್ಟೆ. ನನ್ನ ಹಳೆಯ ಪ್ರಶ್ನೆಗಳು ಅವರ ಬಾಯಿಂದ ಒಂದೊಂದಾಗಿ ಬಂದವು. ಪಕ್ಕದ ಬೆಂಚಿನ ವಕೀಲರು ಮತ್ತೆ ಶುರುವಾಯಿತು ಎಂದು ನಕ್ಕರು. ಪಕ್ಷಗಳು ಅದಲುಬದಲಾದದ್ದು ಅವರಿಗೆ ತಿಳಿಯಲಿಲ್ಲ.

ಕೊನೆಗೆ ಪೇಶ್ಕಾರರು ಕನ್ನಡಕ ಬಿಚ್ಚಿ ಮೇಜಿನ ಮೇಲಿಟ್ಟರು.

"ಮೊದಲ ನನಗ ವಾದ ಗೆಲ್ಲೋದಿತ್ತು. ಈಗ ಮಗಳ ಸಲುವಾಗಿ ಅದು ಖರೆ ಇರಬೇಕಾಗ್ಯಾದ್ರಿ. ಗರಜಿದ್ದವನ, ತನಗ ಬೇಕಾಗಿ ಹೇಳೋನ ಸಾಕ್ಷಿ ಕೋರ್ಟ್ ನಂಬಂಗಿಲ್ಲ. ನಂದು ನನಗೇ ನಂಬಾಕ ಆಗವಲ್ಲದು. ನಿಮಗ ಏನೂ ಗರಜಿಲ್ಲ. ನೀವು ಹೇಳ್ರಿ."

ಖರೆ ಎನ್ನಲು ನನಗೆ ನಂಬಿಕೆಯಿರಲಿಲ್ಲ. ಸುಳ್ಳು ಎನ್ನಲು ಮನಸ್ಸು ಬರಲಿಲ್ಲ.

"ಹತ್ತು ವರ್ಷ ಪಾಟೀಸವಾಲು ಮಾಡೀನ್ರಿ," ಎಂದೆ. "ಆ ಹೆಣ್ಮಕ್ಕಳ ಸಾಕ್ಷಿ ನನ್ನ ಕೈಲಿ ಒಡೀಲಿಲ್ಲ."

"ಒಡೀಲಿಲ್ಲ ಅಂದ್ರ ಖರೆ ಅಂತಲ್ಲ."

"ಹೌದ್ರಿ, ಹಂಗಂತಲ್ಲ."

"ಸಾಕು. ಅಷ್ಟು ಸಾಕು," ಎಂದು ಎದ್ದು ಒಳಗೆ ಹೋದರು.

ಆ ಮಾತನ್ನು ನಾನು ಕರುಣೆಯಿಂದ ಹೇಳಿದೆನೋ, ನಿಜವಾಗಿ ಹಾಗೆ ಅನ್ನಿಸಿತ್ತೋ, ಇವತ್ತಿಗೂ ಗೊತ್ತಿಲ್ಲ. ವಾದ ಅಲ್ಲಿಗೆ ನಿಂತಿತು. ಮುಂದಿನ ಭಾನುವಾರದಿಂದ ಅವರು ಮತ್ತೆ ಚರ್ಚಿಗೆ ಹೋಗತೊಡಗಿದರೆಂದು, ಮಗಳು ತೀರಿದಾಗಿನಿಂದ ಹೋಗುವುದನ್ನೇ ಬಿಟ್ಟಿದ್ದರೆಂದು, ಅವರ ಮನೆಯವರು ಎಷ್ಟೋ ಕಾಲದ ಮೇಲೆ ನನಗೆ ಹೇಳಿದರು.

ನಿವೃತ್ತರಾದ ಮೂರನೆಯ ವರ್ಷ ಅವರು ನಿದ್ದೆಯಲ್ಲೇ ತೀರಿಕೊಂಡರು. ಮಗಳ ಪಕ್ಕದಲ್ಲೇ ಮಣ್ಣು ಮಾಡಿದರು. ಎಲ್ಲರಂತೆ ನಾನೂ ಒಂದು ಹಿಡಿ ಮಣ್ಣು ಹಾಕಿ, ಕೈ ತೊಳೆದು, ಬಸ್ ಸ್ಟ್ಯಾಂಡಿಗೆ ನಡೆದೆ. ಒಳಗೆ ಏನೂ ಆಗುತ್ತಿರಲಿಲ್ಲ. ಬಸ್ಸು ಹೊರಟ ಮೇಲೆ ಕಂಡಕ್ಟರ್ ಬಂದು "ಎಲ್ಲಿಗ್ರಿ?" ಎಂದ. ಎರಡನೆಯ ಸಲವೂ ಕೇಳಿದ. ಇಪ್ಪತ್ತು ವರ್ಷದ ಹತ್ತಿರ ದಿನಾ ಹೇಳಿದ ನನ್ನ ಊರಿನ ಹೆಸರು ಬಾಯಿಗೆ ಬರಲಿಲ್ಲ. ಕೈಯಲ್ಲಿದ್ದ ನೋಟನ್ನು ಅವನತ್ತ ಚಾಚಿದೆ. ಮುಖಪರಿಚಯವಿದ್ದವನು, ಅವನೇ ಬಸವಕಲ್ಯಾಣದ ಟಿಕೆಟ್ ಹರಿದುಕೊಟ್ಟ.