ಎಂಟನೇ ಸಲವೂ ಪಾಸಾದ ಗಾಡಿ

ಮೂರು ವರ್ಷಗಳ ಹಿಂದೆ ನಾನು ಕುವೈತಿನ ಶುವೈಖ್‌ನಲ್ಲಿ, ಸಾಲುಸಾಲು ಗ್ಯಾರೇಜುಗಳಿರುವ ಬೀದಿಯೊಂದರಲ್ಲಿ, ಸರ್ವಿಸ್ ಅಡ್ವೈಸರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಗಿರಾಕಿ ಹೇಳಿದ್ದನ್ನು ಮೆಕ್ಯಾನಿಕ್‌ಗೆ ಮುಟ್ಟಿಸುವುದು, ಮೆಕ್ಯಾನಿಕ್ ಬೈದದ್ದನ್ನು ಮರ್ಯಾದೆಯ ಮಾತಾಗಿಸಿ ಗಿರಾಕಿಗೆ ಮುಟ್ಟಿಸುವುದು, ಇಷ್ಟೇ ಕೆಲಸ. ಆಗ ನನಗೆ ಇಪ್ಪತ್ತಾರು. ಗ್ಯಾರೇಜಿನಲ್ಲಿ ಎಲ್ಲರೂ ನನ್ನನ್ನು ‘ರೇಡಿಯೋ’ ಎಂದು ಕರೆಯುತ್ತಿದ್ದರು, ಯಾರ ದನಿ ಬೇಕಾದರೂ ತೆಗೆಯುತ್ತಿದ್ದೆನೆಂದು. ಮ್ಯಾನೇಜರ್ ಮುದೀರನ ಕೆಮ್ಮು, ನಮ್ಮ ವೀಸಾದ ಒಡೆಯ ಕಫೀಲ್‌ನ ಗೊಣಗು, ಸವೆದ ಬ್ರೇಕಿನ ಕಿರುಚು, ಎಲ್ಲವೂ ಬರುತ್ತಿತ್ತು. ನನ್ನ ಸ್ವಂತ ದನಿಯೊಂದು ಮಾತ್ರ ಅಷ್ಟೇನೂ ಚೆನ್ನಾಗಿರಲಿಲ್ಲ.

ಇಲ್ಲಿ ಹಳೆಯ ಗಾಡಿಯ ದಫ್ತರ್, ಅಂದರೆ ನೋಂದಣಿ ಪತ್ರ, ವರ್ಷವರ್ಷವೂ ನವೀಕರಣವಾಗಬೇಕು. ಅದಕ್ಕೆ ಮೊದಲು ಗಾಡಿ ‘ಫಹಸ್’ ಪಾಸಾಗಬೇಕು. ಫಹಸ್ ಎಂದರೆ ತಪಾಸಣೆ: ಟೈರು, ಬ್ರೇಕು, ದೀಪ, ಹೊಗೆ, ಗಾಜಿನ ಬಿರುಕು, ಚಕ್ರದ ಅಲುಗಾಟ. ಗಿರಾಕಿಗಳಿಗೆ ಬಿಡುವಿಲ್ಲದ ಕಾರಣ ಗಾಡಿಯನ್ನು ಸಿದ್ಧಮಾಡಿ ಸೆಂಟರಿಗೆ ಒಯ್ಯುವ ಕೆಲಸವನ್ನೂ ನಾವೇ ಮಾಡುತ್ತಿದ್ದೆವು. ‘ಸಿದ್ಧಮಾಡಿ’ ಎಂಬ ಈ ಪದವನ್ನು ನೆನಪಿಡಿ. ನನ್ನ ಕಥೆಯ ಪಾಪವೆಲ್ಲ ಅದರೊಳಗೇ ಇದೆ.

ವಾಲ್ಟರ್ ಎಂಬವರು ಮಿರ್ಕಾಬ್‌ನ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದರು. ಕೊಂಕಣಿ ಮಾತಾಡುವ ಕ್ರೈಸ್ತರು, ನಮ್ಮದೇ ಕರಾವಳಿಯವರು. ನಮ್ಮ ತುಳುವರ ರೂಢಿಯಂತೆ ನಾನು ಅವರನ್ನು ಮರ್ಯಾದೆಗೆ ‘ಪೊರ್ಬುಲೇ’ ಎನ್ನುತ್ತಿದ್ದೆ. ಅವರ ಹೆಂಡತಿ ಗ್ಲಾಡಿಸ್, ಮರ್ಯಾದೆಗೆ ನಾವು ಕರೆಯುವಂತೆ ಗ್ಲಾಡಿಸ್ ಬಾಯಿ, ಜಾಬ್ರಿಯಾದ ಕ್ಲಿನಿಕ್ಕೊಂದರಲ್ಲಿ ನರ್ಸ್. ರಕ್ತ ತೆಗೆಯುವುದರಲ್ಲಿ ಅಲ್ಲಿ ಅವರನ್ನು ಬಿಟ್ಟರಿಲ್ಲ. ಹಾಲುಗೂಸಿನ ಕೈಯಲ್ಲೂ ಬೆರಳ ತುದಿಯಿಂದ ತಡವಿಯೇ ನರ ಹಿಡಿಯುತ್ತಿದ್ದರು. ಒಮ್ಮೆ ಜ್ವರವೆಂದು ಹೋದ ನಾನು ಕಣ್ಣು ಮುಚ್ಚಿಕೊಂಡು ಕಿರುಚಲು ಸಿದ್ಧನಾಗಿದ್ದೆ. “ಮುಗೀತು ಮಾರಾಯ. ಬಾಯಿ ಮುಚ್ಚು, ನೊಣ ಹೋಗ್ತದೆ” ಎಂದರು. ಸೂಜಿ ಹೋದದ್ದೂ ಬಂದದ್ದೂ ನನಗೆ ತಿಳಿದಿರಲಿಲ್ಲ.

ಅವರದು ಏಳು ಸೀಟಿನ ಗಾಡಿ, ಸೆಕೆಂಡ್ ಹ್ಯಾಂಡ್. ಮೀಟರಿನಲ್ಲಿ ಎರಡು ಲಕ್ಷದ ಹನ್ನೊಂದು ಸಾವಿರ ಕಿಲೋಮೀಟರ್. ಆದರೂ ಏಳು ವರ್ಷ, ಏಳು ಫಹಸ್, ಏಳೂ ಮೊದಲ ಸಲಕ್ಕೇ ಪಾಸು. ಶಾಲೆಯಲ್ಲಿ ನನಗೂ ಅಂಥ ದಾಖಲೆ ಇರಲಿಲ್ಲ. ವಾಲ್ಟರ್ ಅದನ್ನು ಮಗಳ ಮಾರ್ಕ್ಸ್ ಕಾರ್ಡಿನಂತೆ ಎಲ್ಲರಿಗೂ ಹೇಳಿಕೊಳ್ಳುತ್ತಿದ್ದರು.

ಎಂಟನೆಯ ವರ್ಷ ಒಂದು ಸೋಮವಾರ ಬಂದವರು, “ಎಡಕ್ಕೆ ತಿರುಗಿಸುವಾಗ ಎಂತದೋ ಸದ್ದು ಬರ್ತದೆ ಮಾರಾಯ. ಗುರುವಾರಕ್ಕೆ ದಫ್ತರ್ ಮುಗೀತದೆ” ಎಂದರು. ನಾನು ಗಾಡಿಯನ್ನು ಒಂದು ಸುತ್ತು ಓಡಿಸಿ ಬಂದೆ. ನಮ್ಮ ಹೆಡ್ ಮೆಕ್ಯಾನಿಕ್ ಉಳ್ಳಾಲದ ಅಬ್ಬಾಸಾಕ ಇನ್ನೊಂದು ಗಾಡಿಯ ಕೆಳಗೆ ಮಲಗಿದ್ದರು. ಅವರ ಕಾಲ ಬಳಿ ನಿಂತು ಆ ಸದ್ದನ್ನು ಮಾಡಿ ತೋರಿಸಿದೆ: ಮೊದಲು ಒಂದು ಕಿರ್ರ್, ಆಮೇಲೆ ಮುದುಕನ ಮೊಣಕಾಲಿನ ಹಾಗೆ ಕಟಕ್.

ಅಬ್ಬಾಸಾಕ ಹೊರಗೆ ಬರಲೂ ಇಲ್ಲ. “ಲೋವರ್ ಬಾಲ್ ಜಾಯಿಂಟ್ ಅದು” ಎಂದರು.

ಬಾಲ್ ಜಾಯಿಂಟ್ ಎಂದರೆ ಮುಂದಿನ ಚಕ್ರವನ್ನು ಗಾಡಿಯ ತೋಳಿಗೆ ಹಿಡಿದಿಡುವ ಗುಂಡು ಕೀಲು, ನಮ್ಮ ಭುಜದ ಕೀಲಿನಂಥದ್ದು. ಅದು ಕಳಚಿದರೆ ಚಕ್ರ ಗಾಡಿಯ ಕೆಳಗೆ ಮಡಚಿಕೊಳ್ಳುತ್ತದೆ. ನಮ್ಮಲ್ಲಿ ಆ ಅಳತೆಯದು ಇರಲಿಲ್ಲ. ತರಿಸಿದರೆ ಶನಿವಾರಕ್ಕೆ ಬರುವುದಿತ್ತು.

ಆಗ ನಾನೇ ನೆನಪಿಸಿದೆ, “ಸೂಜಿ ಉಂಟಲ್ಲ.” ನಮ್ಮ ಬೀದಿಯಲ್ಲಿ ಎಲ್ಲರೂ ಬಲ್ಲ ಉಪಾಯವದು. ಕೀಲಿನ ರಬ್ಬರಿಗೆ ಸೂಜಿ ಚುಚ್ಚಿ ದಪ್ಪ ಗ್ರೀಸ್ ತುಂಬಿದರೆ ಕೆಲವು ದಿನ ಸದ್ದಡಗುತ್ತದೆ, ಅಲುಗಾಟವೂ ಸುಲಭಕ್ಕೆ ಕೈಗೆ ಸಿಗುವುದಿಲ್ಲ. ಅಬ್ಬಾಸಾಕನಿಗೆ ಮನಸ್ಸಿರಲಿಲ್ಲ. “ಮಕ್ಕಳು ಕೂರುವ ಗಾಡಿ ಇದು” ಎಂದರು. ನಾನು ಪೀಡಿಸಿದೆ. ಕೊನೆಗೆ ಅವರು ಸೂಜಿ ತೆಗೆದುಕೊಂಡು, “ಶನಿವಾರ ಗಾಡಿ ಇಲ್ಲಿ ಇರಬೇಕು. ಅಲ್ಲಿವರೆಗೆ ಹೈವೇ ಬೇಡ ಅಂತ ಹೇಳು ಅವರಿಗೆ. ತಮಾಷೆ ಮಾಡದೆ ಹೇಳು” ಎಂದರು.

ಬುಧವಾರ ಬೆಳಿಗ್ಗೆ ಗಾಡಿಯನ್ನು ಸೆಂಟರಿಗೆ ಒಯ್ದೆ. ಪಾಸಾಯಿತು. ತಪಾಸಣೆಯವರದು ಇದರಲ್ಲಿ ಏನೂ ತಪ್ಪಿಲ್ಲ. ಕೀಲಿನ ಬಾಯಿ ಕಟ್ಟಿ ಕಳಿಸಿದವರು ನಾವು. ಅಲ್ಲಿಂದಲೇ ವಾಲ್ಟರ್‌ಗೆ ಫೋನ್ ಮಾಡಿದೆ. ನೆಟ್ಟಗೆ ವಿಷಯ ಹೇಳಿದರೆ ನಾನು ರೇಡಿಯೋ ಹೇಗಾಗುತ್ತೇನೆ? “ಪೊರ್ಬುಲೇ, ಇನ್ಸ್‌ಪೆಕ್ಟರ್ ಸಾಹೇಬರಿಗೆ ನಿಮ್ಮ ಹತ್ತಿರ ಮಾತಾಡಬೇಕಂತೆ” ಎಂದು, ಫೋನನ್ನು ಕೈ ಬದಲಿಸಿದಂತೆ ನಟಿಸಿ, ದನಿಯನ್ನು ಹೊಟ್ಟೆಗಿಳಿಸಿದೆ.

“ಯಾ ವಾಲ್ಟರ್, ಸಯ್ಯಾರಾ ತಮಾಮ್. ಸಯ್ಯಾರಾ ನಯಾ, ಇಂತಾ ಪುರಾನಾ. ದಸ್ ಸಾಲ್ ಚಲೇಗಾ. ಖಲಾಸ್.” ಗಾಡಿ ಗಟ್ಟಿಯಾಗಿದೆ, ಹಳೆಯವನು ನೀನೇ, ಇನ್ನು ಹತ್ತು ವರ್ಷ ಓಡುತ್ತದೆ ಎಂದು.

ಅವರಿನ್ನೂ ಕೆಲಸಕ್ಕೆ ಹೊರಟಿರಲಿಲ್ಲ, ಆ ಕಡೆ ಸ್ಪೀಕರ್ ಹಾಕಿದ್ದರೆಂದು ಕಾಣುತ್ತದೆ. ಗಂಡಹೆಂಡತಿ ಇಬ್ಬರೂ ನಕ್ಕರು. “ಶುಕ್ರನ್ ಸರ್, ಶುಕ್ರನ್” ಎಂದರು ವಾಲ್ಟರ್. ಅವರು ನಂಬಿಬಿಟ್ಟರೆಂದು ನನಗೆ ಆಗಲೇ ಗೊತ್ತಾಯಿತು. ನನ್ನ ಕಲೆಗೆ ಸಿಕ್ಕ ಪದಕ ಇದು ಎಂದುಕೊಂಡೆ. ಮತ್ತೆ ನಾನಾಗಿ, “ಶನಿವಾರ ಪುರುಸೊತ್ತಾದರೆ ಗಾಡಿ ತನ್ನಿ, ಸಣ್ಣದೊಂದು ಕೆಲಸ ಉಂಟು” ಎಂದೆ. ಹೈವೇ ವಿಷಯ ಹೇಳಲಿಲ್ಲ. ಬಾಲ್ ಜಾಯಿಂಟ್ ಎಂಬ ಮಾತೂ ನನ್ನ ಬಾಯಿಂದ ಬರಲಿಲ್ಲ.

ಶನಿವಾರ ಪಾರ್ಟ್ ಬಂತು, ಗಾಡಿ ಬರಲಿಲ್ಲ. ಪೆಟ್ಟಿಗೆಯನ್ನು ನನ್ನ ಕೌಂಟರಿನ ಮೇಲೆಯೇ ಇಟ್ಟಿದ್ದೆ. “ಹೇಳಿದ್ಯಾ?” ಎಂದು ಅಬ್ಬಾಸಾಕ ಎರಡು ಸಲ ಕೇಳಿದರು. ಎರಡು ಸಲವೂ “ಹೇಳಿದೆ” ಎಂದೆ. ಕೋರ್ಟಿನಲ್ಲಿ ನಿಲ್ಲಬಲ್ಲ ಸತ್ಯ ಅದು. ಆ ಪೆಟ್ಟಿಗೆಯ ಮೇಲೆ ನಾನು ಚಹಾದ ಲೋಟ ಇಡುತ್ತಿದ್ದೆ.

ಅದರ ಮುಂದಿನ ಶುಕ್ರವಾರ, ಇಲ್ಲಿಯ ರಜೆಯ ದಿನ, ಇಗರ್ಜಿ ಮುಗಿಸಿ ಮನೆಯವರೆಲ್ಲ ಎಗೈಲಾದ ಮಾಲ್‌ಗೆ ಹೊರಟಿದ್ದರು. ಹೈವೇಯಿಂದ ಇಳಿದು ಎಡಕ್ಕೆ ತಿರುಗುವಾಗ ಮುಂದಿನ ಚಕ್ರ ಮಡಚಿತು. ವೇಗ ಕಡಿಮೆಯಾಗಿದ್ದರಿಂದ ಗಾಡಿ ಅಡ್ಡ ತಿರುಗಿ ತಡೆಗೋಡೆಗೆ ಬಡಿದು ನಿಂತಿತು. ವಾಲ್ಟರ್‌ಗೂ ಹಿಂದೆ ಕುಳಿತಿದ್ದ ಮಗಳಿಗೂ ಬರೀ ತರಚು ಗಾಯ. ಗ್ಲಾಡಿಸ್ ಬಾಯಿ ಬಲಗೈಯನ್ನು ಡ್ಯಾಶ್‌ಬೋರ್ಡಿಗೆ ಊರಿದ್ದರು. ಮಣಿಕಟ್ಟು ಎರಡು ಕಡೆ ಮುರಿಯಿತು.

ಮೂರು ವಾರ ಕಳೆದ ಮೇಲೆ ನಾನು ಅವರ ಫ್ಲ್ಯಾಟಿಗೆ ಹೋದೆ. ಅಷ್ಟು ದಿನ ಯಾಕೆ ಹೋಗಲಿಲ್ಲವೆಂದರೆ, ಹೆದರಿಕೆ. ವಾಲ್ಟರ್ ನಿಂಬೆ ಶರಬತ್ತು ಕೊಟ್ಟರು. “ಆಫೀಸಲ್ಲಿ ಎಲ್ಲ ಹೇಳ್ತಾರೆ, ಆ ಇನ್ಸ್‌ಪೆಕ್ಟರನ ಮೇಲೆ ಕಂಪ್ಲೇಂಟ್ ಕೊಡಿ ಅಂತ. ನಾನು ಕೊಡುದಿಲ್ಲ. ಪಾಪ, ಅವನಿಗೂ ಹೆಂಡತಿ ಮಕ್ಕಳು ಇರ್ತಾರೆ. ಎಷ್ಟು ಪ್ರೀತಿಯಲ್ಲಿ ಮಾತಾಡಿದ” ಎಂದರು.

ಶರಬತ್ತನ್ನು ಕೆಳಗಿಟ್ಟು, ಅಂಥ ಇನ್ಸ್‌ಪೆಕ್ಟರ್ ಯಾರೂ ಇರಲಿಲ್ಲವೆಂದು ಹೇಳಿದೆ. ಸೂಜಿ, ಗ್ರೀಸ್, ಶನಿವಾರದ ಪೆಟ್ಟಿಗೆ, ಎಲ್ಲವನ್ನೂ ಹೇಳಿದೆ. ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟು ಕುಳಿತಿದ್ದ ಗ್ಲಾಡಿಸ್ ಬಾಯಿ ನನ್ನನ್ನೇ ನೋಡಿ, “ಒಮ್ಮೆ ಮಾಡು” ಎಂದರು.

“ಬೇಡ ಬಾಯಿ.”

“ಮಾಡು. ಕೇಳ್ತೇನೆ.”

ಮಾಡಿದೆ. ನನ್ನ ದುರದೃಷ್ಟಕ್ಕೆ ಅದು ಚೆನ್ನಾಗಿಯೇ ಬಂತು.

“ಹೌದು, ಇದೇ” ಎಂದರು ಅವರು. “ಆ ಶನಿವಾರ ಇವರು ಗ್ಯಾರೇಜಿಗೆ ಅಂತ ಕೀ ಹಿಡ್ಕೊಂಡು ಹೊರಟಿದ್ರು. ನಾನೇ ತಡೆದೆ. ಸಾಹೇಬರೇ ಹತ್ತು ವರ್ಷ ಅಂತ ಹೇಳಿದ್ದಾರೆ, ಈ ಹುಡುಗನಿಗೆ ಬಿಲ್ಲು ಮಾಡುವ ಆಸೆ, ಹೋಗ್ಬೇಡಿ ಅಂದೆ.”

ನನ್ನದೇ ಎರಡು ದನಿಗಳಲ್ಲಿ ಅವರು ಸುಳ್ಳು ದನಿಯನ್ನು ನಂಬಿದ್ದರು. ನಂಬುವಂತೆ ಮಾಡಿದ್ದು ನಾನೇ.

ಪ್ಲಾಸ್ಟರ್ ಬಿಚ್ಚಿದ ಮೇಲೂ ಅವರ ಬಲಗೈಯ ಎರಡು ಬೆರಳಿಗೆ ಸ್ಪರ್ಶ ಪೂರ್ತಿ ಮರಳಲಿಲ್ಲ. ಕ್ಲಿನಿಕ್ಕಿನವರು ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಅಪಾಯಿಂಟ್‌ಮೆಂಟ್ ಬರೆಯುವ ಕೌಂಟರಿಗೆ ಹಾಕಿದರು. ಅಬ್ಬಾಸಾಕ ಆ ಸೂಜಿಯನ್ನು ನನ್ನೆದುರೇ ಮುರಿದು ಕಸಕ್ಕೆ ಹಾಕಿದರು. ಬೈದಿದ್ದರೆ ಆಮೇಲೆ ಅದನ್ನೂ ಅನುಕರಿಸಬಹುದಿತ್ತು. ಅವರು ಬೈಯಲಿಲ್ಲ.

ಈಗ ನಾನು ಬೇರೆ ಗ್ಯಾರೇಜಿನಲ್ಲಿದ್ದೇನೆ. ಕೆಲಸ ಅದೇ, ತಮಾಷೆಯೂ ಪೂರ್ತಿ ಬಿಟ್ಟಿಲ್ಲ, ಹುಟ್ಟುಗುಣ. ಆದರೆ ಫಹಸ್ ಫಲಿತಾಂಶ ಹೇಳುವಾಗ ನನ್ನ ಈ ಸಪ್ಪೆ ದನಿಯಲ್ಲೇ ಹೇಳುತ್ತೇನೆ: “ಇವತ್ತು ಪಾಸಾಗಿದೆ. ನಾಳೆಗೆ ಈ ಕೆಲಸ ಬಾಕಿ ಉಂಟು. ಅಲ್ಲಿವರೆಗೆ ಗಾಡಿ ಹೊರಗೆ ತೆಗೆಯಬೇಡಿ.” ಗಿರಾಕಿಗಳಿಗೆ ಬೇಸರವಾಗುತ್ತದೆ. ಆಗಲಿ. ಪಾಸಾದ ಚೀಟಿ ಆ ಒಂದು ದಿನದ ಮಾತು; ಅದನ್ನು ವರ್ಷದ ಭರವಸೆಯೆಂದು ಜನ ಓದುತ್ತಾರೆಂದು ಗೊತ್ತಿದ್ದೂ ಸುಮ್ಮನಿರುವುದು ನಮ್ಮ ವೃತ್ತಿಯ ಅತಿ ಸುಲಭದ ಮೋಸ.

ಹೋದ ತಿಂಗಳು ಜ್ವರ ಬಂದು ಜಾಬ್ರಿಯಾದ ಅದೇ ಕ್ಲಿನಿಕ್ಕಿಗೆ ಹೋಗಿದ್ದೆ. ಕೌಂಟರಿನಲ್ಲಿ ಗ್ಲಾಡಿಸ್ ಬಾಯಿ ಎಡಗೈಯಿಂದ ನಿಧಾನವಾಗಿ ನನ್ನ ಹೆಸರು ಬರೆದುಕೊಂಡರು. ಒಳಗೆ ಹೊಸ ನರ್ಸ್‌ಗೆ ನರ ಸಿಗಲಿಲ್ಲ. ಮೂರು ಸಲ ಚುಚ್ಚಿದರು. ಬಾಗಿಲು ತೆರೆದೇ ಇತ್ತು, ಒಳಗಿನದೆಲ್ಲ ಕೌಂಟರಿಗೆ ಕೇಳುತ್ತಿತ್ತು. ನಾನು ಸದ್ದು ಮಾಡಲಿಲ್ಲ.