ಖಾಲಿಯಾಗದ ತಟ್ಟೆ

ಗೇಮ್ ಕನ್ಸೋಲ್ ರಿಪೇರಿ ನನ್ನ ಕೆಲಸ. ಕುವೆಂಪುನಗರದಿಂದ ಒಬ್ಬರು ಅಜ್ಜಿ ಫೋನ್ ಮಾಡಿ, "ನಿನ್ನೆಯಿಂದ ಕತೆ ಮುಂದಕ್ಕೇ ಹೋಗ್ತಿಲ್ಲ, ಬಂದು ನೋಡಪ್ಪ" ಅಂದರು. ಬೆರಳಿಗೆ ವ್ಯಾಯಾಮ ಆಗಲಿ ಅಂತ ಮೊಮ್ಮಗಳು ಅವರಿಗೆ ಆಟ ಕಲಿಸಿದ್ದಳಂತೆ.

ಹೋಗಿ ನೋಡಿದರೆ ಮಿಷಿನ್‌ಗೆ ಏನೂ ಆಗಿರಲಿಲ್ಲ. ಟೀವಿಯಲ್ಲಿ, ಯುದ್ಧಕ್ಕೆ ಹೊರಟ ಸಿಪಾಯಿಯೊಬ್ಬ ಮುದುಕಿಯೊಬ್ಬಳ ಗುಡಿಸಲಲ್ಲಿ ಕೂತು ಊಟ ಮಾಡುತ್ತಿದ್ದ.

"ಈ ಬಟನ್ ಒತ್ತಿದ್ರೆ ಎದ್ದು ಹೊರಡ್ತಾನೆ, ಅಜ್ಜಿ."

"ಅದು ಗೊತ್ತು ಕಣಪ್ಪ. ಊಟದ ಮಧ್ಯೆ ಯಾರಾದ್ರೂ ಎಬ್ಬಿಸ್ತಾರಾ? ಮುಗಿಸ್ಲಿ ಅಂತ ಕಾಯ್ತಿದೀನಿ."

ಆಟದಲ್ಲಿ ಆ ತಟ್ಟೆ ಖಾಲಿಯಾಗೋದೇ ಇಲ್ಲ ಅಂತ ವಿವರಿಸಿದೆ. ನಾನೂ ಈ ಆಟ ಆಡಿದ್ದೆ, ಇಷ್ಟು ಎಳೆಯೋ ಕತೆ ಮುಗಿಸೋಷ್ಟರಲ್ಲಿ ಸಾಕಾಗಿಹೋಗಿತ್ತು ಅಂತಲೂ ಹೇಳಿದೆ.

ಅವರು ಒಪ್ಪಲಿಲ್ಲ. "ಮೊಮ್ಮಗಳ ಬೇರೆ ಆಟಗಳ್ನೂ ನೋಡಿದೀನಿ. ಚಿತ್ರವೇನೋ ಚೆನ್ನಾಗಿದೆ. ಆದ್ರೆ ಅಷ್ಟು ದೂರದಿಂದ ಬಂದವನಿಗೆ ಒಂದು ಲೋಟ ನೀರೂ ಕೊಡದೆ ಕೆಲಸ ಹೇಳ್ತಾರೆ. ಇದರಲ್ಲಿ ಮಾತ್ರ ಕೂರಿಸಿ ಬಡಿಸಿದಾರೆ. ಇದು ಕತೆ ಅಂದ್ರೆ!"

ಆಮೇಲೆ ಮೆಲ್ಲಗೆ ಕೇಳಿದರು: "ಯುದ್ಧದಿಂದ ವಾಪಸ್ ಬರ್ತಾನಾ?"

ನನಗೆ ಉತ್ತರ ಗೊತ್ತಿತ್ತು. ಬಟನ್ ಮೇಲಿಂದ ಬೆರಳು ತೆಗೆದುಬಿಟ್ಟೆ.

"ಅವಸರವೇನಿಲ್ಲ ಅಜ್ಜಿ, ಉಣ್ಣಲಿ ಬಿಡಿ" ಅಂದೆ.

ಅಜ್ಜಿ ನನ್ನನ್ನೂ ಕೂರಿಸಿ ಉಪ್ಪಿಟ್ಟು ಬಡಿಸಿದರು. ರಿಪೇರಿಗೆ ಕಾಯುತ್ತಿದ್ದ ಇನ್ನೊಂದು ಮನೆಯವರು ಒಂದೇ ಸಮನೆ ಫೋನ್ ಮಾಡುತ್ತಿದ್ದರು. ಎದ್ದು ಹೊರಡೋಣವೆಂದರೆ, ನನ್ನ ತಟ್ಟೆ ಖಾಲಿಯಾಗಲು ಅಜ್ಜಿ ಬಿಟ್ಟರೆ ತಾನೆ!